ದಿಬ್ಬ ದೊರೆತಿದೆ

ಜೂನ್ 27, 1910

ಇವತ್ತೂ ಅದೇ ನೀರು. ಉಪ್ಪೂ ಅಲ್ಲ, ಕಹಿಯೂ ಅಲ್ಲ, ಸಾಬೂನು ಕದಡಿಟ್ಟ ಹಾಗೆ. ಕುಡಿದರೆ ಹೊಟ್ಟೆ ನಿಲ್ಲುವುದಿಲ್ಲ, ಕುಡಿಯದಿದ್ದರೆ ಜೀವ ನಿಲ್ಲುವುದಿಲ್ಲ. ಅಡುಗೆಯ ಟೋರ್ವಾಲ್ಡ್ ಅದರಲ್ಲೇ ಕಾಫಿ ಕಾಯಿಸುತ್ತಾನೆ, ಅದರಲ್ಲೇ ಕಾಳು ಬೇಯಿಸುತ್ತಾನೆ, ಅದರಲ್ಲೇ ತಟ್ಟೆ ತೊಳೆಯುತ್ತಾನೆ. ಮೂರಕ್ಕೂ ಒಂದೇ ರುಚಿ.

ದಿಬ್ಬ ಸಿಗಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಯಲಲ್ಲಿ ಬಗ್ಗಿ ಬಗ್ಗಿ ಹುಡುಕಿದ್ದು. ಮೈಯೆಲ್ಲ ನೊಣ, ಸೊಳ್ಳೆ.

ನಕಾಶೆ ನೋಡಿದವರು ಈ ಗಡಿಯನ್ನು ಯಾರೋ ಸ್ಕೇಲಿಟ್ಟು ಗೀಚಿದ್ದಾರೆ ಅಂದುಕೊಳ್ಳುತ್ತಾರೆ. ಬಡಗಣ ಕಡೆ ಕೆನಡಾ, ತೆಂಕಣ ಕಡೆ ಅಮೆರಿಕ, ನಡುವೆ ನಲವತ್ತೊಂಬತ್ತನೇ ಅಕ್ಷಾಂಶ — ನೇರ. ಎಲ್ಲಿಯ ನೇರ! ಮೂವತ್ತಾರು ವರ್ಷದ ಕೆಳಗೆ ಬಂದ ತಂಡದವರು ನಕ್ಷತ್ರ ನೋಡಿ, ತೂಗುಗುಂಡು ಇಳಿಬಿಟ್ಟು ಜಾಗ ಗೊತ್ತುಮಾಡಿದರು. ಗುಡ್ಡ ಹತ್ತಿರವಿದ್ದರೆ ಗುಂಡು ಗುಡ್ಡದ ಕಡೆಗೆ ಕೂದಲೆಳೆಯಷ್ಟು ವಾಲುತ್ತದೆ. ಅಲ್ಲಿ ಕೂದಲೆಳೆ, ಇಲ್ಲಿ ನೆಲದ ಮೇಲೆ ನೂರಾರು ಅಡಿ. ಹಾಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸೊಟ್ಟಸೊಟ್ಟಗೆ ಮಣ್ಣಿನ ದಿಬ್ಬ ಎಬ್ಬಿಸಿಕೊಂಡು ಹೋದರು. ಮೂರು ಮೈಲಿಗೊಂದು. ಸೊಟ್ಟ ಅಂತ ಈಗ ಎರಡೂ ಸರಕಾರಕ್ಕೆ ಗೊತ್ತು. ಆದರೂ ಕರಾರು ಅಂದರೆ ಕರಾರು. ದಿಬ್ಬ ಎಲ್ಲಿದೆಯೋ ಅಲ್ಲೇ ಗಡಿ. ನಾವು ಮಾಡಬೇಕಾದದ್ದು ಇಷ್ಟೇ: ಹಳೇ ದಿಬ್ಬ ಹುಡುಕುವುದು, ಅದರ ನಡುಮಧ್ಯ ಕಬ್ಬಿಣದ ಕಂಬ ನೆಡುವುದು. ನನ್ನ ಕೆಲಸ ಬರವಣಿಗೆ. ಟೆಂಪಲ್ಟನ್ ಸಾಹೇಬ ಅಂಕಿ ಕೂಗುತ್ತಾನೆ, ನಾನು ಬರೆಯುತ್ತೇನೆ.

ಟೆಂಪಲ್ಟನ್ ನಕಾಶೆಗೆ ಚುಚ್ಚುವ ಸೂಜಿಯಿಂದ ಹಲ್ಲು ಕೆದಕಿಕೊಳ್ಳುತ್ತಾನೆ. ಆಮೇಲೆ ಅದೇ ಸೂಜಿಯನ್ನು ನಕಾಶೆಗೆ ಚುಚ್ಚುತ್ತಾನೆ. ಥೂ.

ಜೂನ್ 30

ಇಲ್ಲ. ಲೆಕ್ಕದ ಪ್ರಕಾರ ದಿಬ್ಬ ಇಲ್ಲೇ ಎಲ್ಲೋ ಇರಬೇಕು. ನೆಲ ನೋಡಿದರೆ ಬ್ಯಾಜರ್ ಪ್ರಾಣಿ ತೋಡಿದ ಬಿಲ, ದನ ತುಳಿದ ಹಳ್ಳ. ಕಳೆದ ವಾರ ಒಂದು ದಿಬ್ಬವನ್ನು ಹೊಸದಾಗಿ ಬಂದ ರೈತನೊಬ್ಬ ಉತ್ತು ಗೋಧಿ ಬಿತ್ತಿದ್ದ. ಗಡಿ ಎಲ್ಲಪ್ಪಾ ಅಂದರೆ ಪೈರು ತೋರಿಸಿದ.

ಟೆಂಪಲ್ಟನ್‌ಗೆ ಸಿಟ್ಟು. ಗಡಿಯ ಆಚೆ ಅಮೆರಿಕದವರ ಡೇರೆಗಳಿವೆ. ಅವರ ಮುಖ್ಯಸ್ಥ ಸ್ಟ್ರೌಡ್. ಇಬ್ಬರೂ ಸೇರಿ ಮಾಡುವ ಕೆಲಸ, ಆದರೆ ಈ ಇಪ್ಪತ್ತು ಮೈಲಿಯ ದಿಬ್ಬ ಹುಡುಕುವ ಪಾಳಿ ನಮ್ಮದು. ಸಿಗದಿದ್ದರೆ ಸ್ಟ್ರೌಡ್ ಮೀಸೆಯಡಿ ನಗುತ್ತಾನೆ. ಅದು ಟೆಂಪಲ್ಟನ್‌ಗೆ ನೊಣಕ್ಕಿಂತ ಹೆಚ್ಚು ಕಚ್ಚುತ್ತದೆ.

ಜುಲೈ 2

ಸಿಕ್ಕಿತು.

ಇಂಥಾ ದಿಬ್ಬವನ್ನು ಈ ಬೇಸಿಗೆಯಲ್ಲಿ ನೋಡಿರಲಿಲ್ಲ. ಗುಂಡಗೆ, ಕವುಚಿಟ್ಟ ಬೋಗುಣಿಯಂತೆ. ಮೇಲೆಲ್ಲ ಹುಲ್ಲಿನ ಹೆಂಟೆ ಒತ್ತೊತ್ತಾಗಿ ಕೂತಿವೆ. ನೆತ್ತಿಯಲ್ಲಿ ಮರದ ಮೋಟು. ಹಳೇ ತಂಡ ನೆಟ್ಟ ಗೂಟ ಅಂತ ಟೆಂಪಲ್ಟನ್. ಟೋಪಿ ತೆಗೆದು ದಿಬ್ಬಕ್ಕೆ ನಮಸ್ಕಾರ ಮಾಡಿದ. ರಾತ್ರಿ ಊಟಕ್ಕೆ ಡಬ್ಬಿಯ ಪೀಚ್ ಹಣ್ಣು ಒಡೆಸಿದ.

ಲೆಕ್ಕದ ಜಾಗಕ್ಕಿಂತ ಮೂಡಲಿಗೆ ಒಂದಷ್ಟು ಹೆಜ್ಜೆ ಹೆಚ್ಚಾಯಿತು ಅಂದೆ. ಹಳಬರ ಅಳತೆಯ ಸರಪಳಿ ಜಗ್ಗಿರುತ್ತದೆ ಅಂದ. ಮೂವತ್ತಾರು ಮಳೆಗಾಲ, ಮೂವತ್ತಾರು ಹಿಮಗಾಲ ಕಂಡ ಮಣ್ಣು ಇಷ್ಟು ಅಚ್ಚುಕಟ್ಟಾಗಿ ಹೇಗೆ ಉಳಿಯಿತು ಅಂದೆ.

"ಒಳ್ಳೇ ಕೆಲಸ ಕಣಯ್ಯಾ ಫ್ಲೆಟ್, ಒಳ್ಳೇ ಕೆಲಸ. ಆಗಿನ ಕಾಲದೋರು ಮೈಗಳ್ಳರಲ್ಲ."

ಬಾಯಿಗೆ ಪೀಚ್ ಹಾಕಿಕೊಂಡೆ. ಸುಮ್ಮನಾದೆ.

ಜುಲೈ 4

ಗುಂಡಿ ತೋಡಿದೆವು. ಆಳ ಹೋದ ಹಾಗೆ ಲಡ್ಡು ಹಿಡಿದ ಹಲಗೆಯ ಚೂರು. ಗೂಟದ ತುಂಡು ಅಂದ ಟೆಂಪಲ್ಟನ್. ಆಮೇಲೆ ಎಲುಬು, ಸಣ್ಣವು. ಜೊತೆಗೆ ಕಾಡೆಮ್ಮೆಯ ಕೂದಲಿನ ಉಂಡೆ. ಟೆಂಪಲ್ಟನ್ ಗುಂಡಿಯೊಳಗೆ ಇಣುಕಿ, "ಕಾಡೆಮ್ಮೆ ಕರು. ಬರಕೋ" ಅಂದ. ಬರೆದುಕೊಂಡೆ. ಈ ಬಯಲಲ್ಲಿ ಕಾಡೆಮ್ಮೆ ಎಲುಬು ಕಾಣದ ದಿನವಿಲ್ಲ. ಆಳುಗಳು ಎಲುಬನ್ನೆಲ್ಲ ಮಣ್ಣಿನ ಜೊತೆ ಎತ್ತಿ ಬದಿಗೆ ಹಾಕಿದರು. ಹೊಳೆಯಿಂದ ತಂದ ಮರಳು, ಸಿಮೆಂಟು, ಅದೇ ಸಾಬೂನು ನೀರು. ಕಾಂಕ್ರೀಟು ಸುರಿದು ಕಂಬ ನಿಲ್ಲಿಸಿದ್ದಾಯಿತು. ನನ್ನ ಬರಹ: "ಮೂಲ ದಿಬ್ಬ ದೊರೆತಿದೆ. ಸ್ಥಿತಿ ಉತ್ತಮ."

ಅಮೆರಿಕದವರಿಗೆ ಇವತ್ತು ಸ್ವಾತಂತ್ರ್ಯದ ಹಬ್ಬ. ಸ್ಟ್ರೌಡ್ ವಿಸ್ಕಿ ಕಳಿಸಿದ್ದ. ಕುಡಿದ ಆಳುಗಳಿಬ್ಬರು ಹೊಸ ಕಂಬದ ಎರಡೂ ಬದಿಗೆ ನಿಂತು, ಒಬ್ಬ ಕೆನಡಾಕ್ಕೆ ಒಬ್ಬ ಅಮೆರಿಕಕ್ಕೆ ಉಚ್ಚೆ ಹೊಯ್ದು ಶಾಂತಿ ಒಪ್ಪಂದ ಮಾಡಿಕೊಂಡರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಜುಲೈ 19

ಇಷ್ಟು ದಿನ ಬರೆಯುವಂಥದ್ದೇನೂ ಇರಲಿಲ್ಲ. ಡೇರೆ ಪಡುವಲಿಗೆ ಎರಡು ಕಂಬ ದಾಟಿ ಬಂದಿದೆ.

ಇವತ್ತು ಮಧ್ಯಾಹ್ನ ಒಂದು ಗಾಡಿ ಬಂತು. ಮೇತಿ ಜನ — ಫ್ರೆಂಚರ ರಕ್ತ, ಕ್ರೀ ಬುಡಕಟ್ಟಿನ ರಕ್ತ, ಎರಡೂ ಕಲೆತವರು. ಮುದುಕಿಯೊಬ್ಬಳು, ಅವಳ ಅಳಿಯ. ಅಳಿಯನ ಹೆಸರು ನಾರ್ಬರ್. ಮುದುಕಿ ಅಡೆಲ್ ಉಲೆಟ್. ಕಪ್ಪು ಶಾಲು. ಮಡಿಲಲ್ಲಿ ಒಂದು ಮರದ ಮೋಟು. ಆ ದಿನ ದಿಬ್ಬದ ನೆತ್ತಿಯಿಂದ ನಾವು ಕಿತ್ತು ಬಿಸಾಡಿದ್ದೇ.

"ಫ್ಲೆಟ್, ನಿಂಗೆ ಇವರ ಭಾಷೆ ಬರುತ್ತಲ್ಲ. ಬಾ ಇಲ್ಲಿ" ಎಂದು ಎಲ್ಲರ ಎದುರು ಟೆಂಪಲ್ಟನ್. ಡೇರೆಯವರೆಲ್ಲ ತಿರುಗಿ ನೋಡಿದರು. ಇಲ್ಲಿಯವರೆಗೆ ಅವರ ಪಾಲಿಗೆ ನಾನು ಸ್ಕಾಟ್‌ಲೆಂಡಿನವನು. ನನ್ನಪ್ಪನ ತಾಯಿ ಕ್ರೀ ಹೆಂಗಸು. ಅವಳ ತೊಡೆಯ ಮೇಲೆ ಮಲಗಿ ಕಥೆ ಕೇಳಿದವನು ಅನ್ನುವುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಕೆಲಸದ ಅರ್ಜಿಯಲ್ಲಿ ಕ್ರೀ ಭಾಷೆ ಬರುತ್ತದೆ ಅಂತ ಬರೆದದ್ದನ್ನು ಟೆಂಪಲ್ಟನ್ ಒಬ್ಬನೇ ಓದಿದ್ದ.

ಅಡೆಲ್ ಕೂರಲಿಲ್ಲ. ನಿಂತೇ ಹೇಳಿದಳು. ಕಾಡೆಮ್ಮೆ ಕೊನೆಯಾಗುತ್ತಿದ್ದ ಕಾಲ. ಇದ್ದಬದ್ದ ಹಿಂಡಿನ ಹಿಂದೆ ತೆಂಕಣಕ್ಕೆ ಹೊರಟಿದ್ದರಂತೆ. ಚಳಿಗಾಲ. ಆರು ವರ್ಷದ ಮಗಳಿಗೆ ಕೆಮ್ಮು. ಒಂದು ಬೆಳಿಗ್ಗೆ ಕೆಮ್ಮು ನಿಂತಿತು. ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಬೆಂಕಿ ಹಾಕಿ ಮಣ್ಣು ಕರಗಿಸಿ, ಮಗುವನ್ನು ಕಾಡೆಮ್ಮೆ ಚರ್ಮದಲ್ಲಿ ಸುತ್ತಿ, ಗಾಡಿಯ ಹಲಗೆ ಮುಚ್ಚಿ ಹೂಳಿದರು. ಮೇಲೆ ಮಣ್ಣೇರಿಸಿ ಶಿಲುಬೆ ನೆಟ್ಟರು.

"ಮರ ಇಲ್ಲ, ಬಂಡೆ ಇಲ್ಲ, ಎತ್ತ ನೋಡಿದ್ರೂ ಹಿಮ. ಮತ್ತೆ ಬಂದ್ರೆ ಎಲ್ಲಿ ಅಂತ ಹುಡುಕಲಿ? ಆ ಬಯಲಲ್ಲಿ ಗುರುತು ಅಂತ ಇದ್ದದ್ದು ನಿಮ್ಮ ದಿಬ್ಬ ಒಂದೇ. ಅದರ ಪಕ್ಕಕ್ಕೆ ಮಲಗಿಸಿದ್ವಿ. ಪ್ರತಿ ಬೇಸಿಗೆ ಬರ್ತೀನಿ, ಹೆಂಟೆ ಹೊದಿಸಿ ಹೋಗ್ತೀನಿ. ನಿಮ್ಮ ದಿಬ್ಬಕ್ಕೆ ಹೊದಿಸೋರು ಯಾರಿದ್ರು? ಅದು ಕರಗಿ ಹೋಯ್ತು."

ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ದನಿ ನನ್ನದಾಗಿರಲಿಲ್ಲ.

ಟೆಂಪಲ್ಟನ್ ಕೆಟ್ಟವನಲ್ಲ, ಅದೇ ಹೇಸಿಗೆ. ಟೋಪಿ ತೆಗೆದ. ಟೀ ತರಿಸಿದ. ಕಣ್ಣಲ್ಲಿ ನೀರು ಸಹ ಬಂತು. ಆಮೇಲೆ ಅಂದ:

"ಹೇಳಪ್ಪಾ ಆಕೆಗೆ. ಈ ಬಯಲಲ್ಲಿ ಇನ್ಯಾರ ಮಗೂಗೂ ಇಂಥಾ ಸಮಾಧಿಗಲ್ಲು ಸಿಕ್ಕಿಲ್ಲ. ಎರಡು ಸರಕಾರ ನಿಂತು ನೋಡಿಕೊಳ್ತವೆ. ಬಣ್ಣ ಬಳೀತವೆ."

ಹೇಳಿದೆ. ನಾಲಗೆಯ ಮೇಲೆ ಜಿರಲೆ ಹರಿದ ಹಾಗಾಯಿತು.

ಅಡೆಲ್ ಅವನ ಮುಖವನ್ನೇ ನೋಡಿದಳು. "ಆ ಕಬ್ಬಿಣ ಕಿತ್ತುಬಿಡಿ. ನಿಮ್ಮ ದಿಬ್ಬ ಎಲ್ಲಿತ್ತು ಅಂತ ನಾನು ತೋರಿಸ್ತೀನಿ." ನಾರ್ಬರ್ ಕೈಯಲ್ಲಿದ್ದ ಚಾಟಿಕೋಲು ಇಸಿದುಕೊಂಡು ಬಗ್ಗಿ ನೆಲದ ಮೇಲೆ ಬರೆಯತೊಡಗಿದಳು. ಇದು ಹಳ್ಳ. ಇದು ನಿಮ್ಮ ಕಂಬ. ಇನ್ನು ಇಲ್ಲಿ…

ಟೆಂಪಲ್ಟನ್ ಎದ್ದು ಬಂದು ಬೂಟುಗಾಲಿನಿಂದ ಆ ಗೆರೆಗಳನ್ನು ಅಳಿಸಿದ. ಮೆಲ್ಲಗೆ, ಮರ್ಯಾದೆಯಿಂದ, ಚೆಲ್ಲಿದ ಟೀ ಒರೆಸುವವನ ಹಾಗೆ.

"ಅದನ್ನ ನಂಗೆ ಹೇಳಬೇಡ ಫ್ಲೆಟ್. ಹೇಳಿದ್ರೆ ನಂಗೆ ಗೊತ್ತಾದಂಗೆ ಆಗುತ್ತೆ."

ಜೀವಮಾನವೆಲ್ಲ ನಕಾಶೆ ಬರೆದ ಮನುಷ್ಯ.

ಜುಲೈ 20

ಟೆಂಪಲ್ಟನ್ ನನ್ನನ್ನು ಸ್ಟ್ರೌಡ್ ಡೇರೆಗೆ ಕಳಿಸಿದ, ಮುಂದಿನ ಕಂಬಗಳ ಅಳತೆ ಕೊಡಲಿಕ್ಕೆ ಅಂತ ನೆಪ; ಸುದ್ದಿ ಅಲ್ಲಿಗೆ ಮುಟ್ಟಿದೆಯೋ ನೋಡಿಕೊಂಡು ಬರಲಿ ಅಂತ. ಸ್ಟ್ರೌಡ್‌ಗೆ ಆಗಲೇ ಗೊತ್ತು. ಟೋರ್ವಾಲ್ಡ್ ಅವರ ಅಡುಗೆಯವನಿಗೆ ಹೇಳಿದ್ದಾನೆ. ಅಡುಗೆಯವರ ನಡುವೆ ಯಾವ ಗಡಿಯೂ ಇಲ್ಲ.

ಕೇಳಿದೆ: ನೀವಿಬ್ಬರೂ ಒಪ್ಪಿದರೆ ಕಂಬ ಕಿತ್ತು ನೆಡಬಹುದಲ್ಲ? ಸ್ಟ್ರೌಡ್ ಬೂಟು ಬಿಚ್ಚಿ ಕಾಲ್ಬೆರಳ ಸಂದಿಯ ಕೊಳೆ ತೆಗೆಯುತ್ತ ಕೂತಿದ್ದ. ತನಗೇನೂ ಅಡ್ಡಿಯಿಲ್ಲವಂತೆ. ಟೆಂಪಲ್ಟನ್ ಬರೆದು ಕೇಳಲಿ ಅಂದ. ವಾಪಸು ಬಂದು ಹೇಳಿದರೆ, ಸ್ಟ್ರೌಡ್ ಬರೆದು ಕೇಳಲಿ ಅಂತ ಟೆಂಪಲ್ಟನ್. ಮೊದಲು ಕೇಳಿದವನ ತಲೆಗೆ ತಪ್ಪು. ಆ ಕಂಬ ಅಲುಗಿದರೆ ಅದರ ಮೇಲೆ ಕಣ್ಣಿಟ್ಟು ನೆಟ್ಟ ಅಕ್ಕಪಕ್ಕದ ಕಂಬಗಳ ಅಳತೆಯೂ ಹೋಯಿತು. ಒಂದು ತಿಂಗಳ ಕೆಲಸ ನೀರುಪಾಲು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೋಲು ಇಬ್ಬರ ಕೈಯಲ್ಲೂ ಇದೆ.

ಇದಕ್ಕೆಲ್ಲ ಒಂದು ಪದ್ಧತಿ ಇದೆ. ಕಂಬಕ್ಕೆ ಸಹಿ ಬೀಳುವ ದಿನ ಇಬ್ಬರೂ ಕಂಬದ ಬುಡದಲ್ಲಿ ಕೂರುತ್ತಾರೆ. ನಾನು ವಿವರ ಗಟ್ಟಿಯಾಗಿ ಓದಬೇಕು. ಇಬ್ಬರೂ ಒಟ್ಟಿಗೆ ಕೇಳಿದ್ದು ಮಾತ್ರ ಕೇಳಿದ ಲೆಕ್ಕ. ಕೇಳಿದ ಮೇಲೆ ಅದು ದಾಖಲೆಗೆ ಬರಲೇಬೇಕು, ಆಕ್ಷೇಪವಿದ್ದರೆ ಸಹಿಯಿಲ್ಲ. ಸಹಿ ಬಿದ್ದರೆ ಮುಗಿಯಿತು, ದೇವರು ಬಂದರೂ ಕಂಬ ಕದಲುವುದಿಲ್ಲ. ಒಬ್ಬೊಬ್ಬನೇ ಏನು ಕೇಳಿಸಿಕೊಂಡರೂ ಅದು ಗಾಳಿ. ಮುದುಕಿಯ ಮಾತು ಈಗ ಗಾಳಿಯಲ್ಲಿದೆ. ಆಗಸ್ಟ್ ಒಂಬತ್ತಕ್ಕೆ ಸಹಿ.

ಹೊರಡುವಾಗ ಸ್ಟ್ರೌಡ್ ಕೇಳಿದ: "ಅದ್ಸರಿ, ಮಗು ತಲೆ ಯಾವ ಕಡೆಗಿತ್ತು? ತಲೆ ನಿಮ್ಮ ಕಡೆ, ಕಾಲು ನಮ್ಮ ಕಡೆ ಇದ್ರೆ ಸುಂಕ ಯಾರಿಗೆ ಕಟ್ಟಬೇಕು?"

ನಗಲಿಲ್ಲ. ಕುದುರೆ ಹತ್ತಿ ಬಂದುಬಿಟ್ಟೆ.

ಜುಲೈ 24, ಭಾನುವಾರ

ಅಡೆಲ್ ಊರಿಗೆ ಹೋಗಿಲ್ಲ. ಕಂಬದ ಹತ್ತಿರ ಗಾಡಿ ಬಿಚ್ಚಿ ಕೂತಿದ್ದಾಳೆ ಅಂತ ಸುದ್ದಿ. ಟೋರ್ವಾಲ್ಡ್ ಹೇಳದೆ ಕೇಳದೆ ಬ್ರೆಡ್ಡು, ಹಂದಿಮಾಂಸ ಕಟ್ಟಿ ನನ್ನ ಕೈಗಿಟ್ಟ. "ನೀನೇ ಕೊಡು. ನಂಗೆ ಆಯಮ್ಮನ ಮುಖ ನೋಡೋಕಾಗಲ್ಲ" ಅಂದ.

ಹೋದೆ. ನಾವು ಎತ್ತಿ ಹಾಕಿದ ಮಣ್ಣಿನ ಗುಡ್ಡೆಯನ್ನು ಅವಳು ಬೆರಳಲ್ಲಿ ಜಾಲಿಸುತ್ತಿದ್ದಳು. ಶಾಲಿನ ಮೇಲೆ ಎಲುಬುಗಳನ್ನು ಒಂದೊಂದಾಗಿ ಜೋಡಿಸಿದ್ದಳು. ಹತ್ತಿರ ಹೋಗಿ ನೋಡಿದೆ. ಅದನ್ನು ಕರು ಅಂದವನ ಕಣ್ಣು ಸೀದು ಹೋಗ. ಬರೆದವನದೂ.

ಏನು ಹೇಳಬೇಕೋ ತಿಳಿಯದೆ ಬ್ರೆಡ್ಡು ಕೊಟ್ಟೆ. ಅವಳೇ ಮಾತು ಶುರು ಮಾಡಿದಳು.

"ಯಾರ ಪೈಕಿ ನೀನು?"

ಅಜ್ಜಿಯ ಹೆಸರು ಹೇಳಿದೆ, ಕೆಂಪು ಹೊಳೆಯ ದಂಡೆಯ ಊರು ಹೇಳಿದೆ.

"ಹೆಸರೇನು ಕೇಳೋದು, ಮೂಗೇ ಹೇಳುತ್ತೆ. ಟೋಪಿ ಹಾಕ್ಕೊಂಡ್ರೆ ಮೂಗು ಮುಚ್ಚುತ್ತಾ ಮಗಾ?"

ನಾರ್ಬರ್ ನಕ್ಕ. ನನಗೂ ನಗು ಬಂತು. ಎಷ್ಟೋ ದಿನದ ಮೇಲೆ, ಹೇಸಿಗೆಯಿಲ್ಲದ ನಗು.

ಮಗುವಿನ ಹೆಸರು ಝೆಲಿ. ಗಾಡಿಯ ಚಕ್ರ ಕಿರ್ರೆಂದರೆ ತಾನೂ ಅದರ ಜೊತೆ ಕಿರ್ರೆನ್ನುತ್ತಿದ್ದಳಂತೆ, ಯಾವುದು ಚಕ್ರ ಯಾವುದು ಹುಡುಗಿ ಅಂತ ತಿಳಿಯುತ್ತಿರಲಿಲ್ಲವಂತೆ. ಹೇಳುತ್ತ ಒಂದು ಎಲುಬನ್ನು ಲಂಗದ ಅಂಚಲ್ಲಿ ಒರೆಸಿದಳು. ಉಳಿದಿದ್ದು ಕಬ್ಬಿಣದ ಕೆಳಗಿದೆ ಅಂದಳು. "ಅರ್ಧ ಮಗೂನ ಎತ್ಕೊಂಡು ಎಲ್ಲಿಗೆ ಹೋಗಲಿ? ಪೂರ್ತಿ ಇಲ್ಲೇ ಮಲಗಬೇಕು."

ಕೇಳಿದೆ, ಹಳೇ ದಿಬ್ಬ ಎಲ್ಲಿತ್ತು ಅಜ್ಜಿ? ಅವಳು ಗದ್ದದಿಂದ ಪಡುವಲ ಕಡೆ ತೋರಿಸಿದಳು. ಹಿಂದೆ ನಾವು ಡೇರೆ ಹಾಕಿದ್ದ ಜಾಗ. ಟೋರ್ವಾಲ್ಡ್ ಎಂಜಲು, ಮುಸುರೆ, ಮೀನಿನ ಕರುಳು ಸುರಿಯುತ್ತಿದ್ದ ಗುಂಡಿ. ಹತ್ತು ದಿನ ಎರಡು ದೇಶಗಳ ಗಡಿಯ ನೆತ್ತಿಯ ಮೇಲೆ ಮುಸುರೆ ಹೊಯ್ದಿದ್ದೇವೆ. ಅಡೆಲ್ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕೆಮ್ಮು ಬರುವ ತನಕ. ಆಮೇಲೆ ನಗು ನಿಲ್ಲಿಸಿದಳು.

"ಇದು ನಿಂಗೆ ಮಾತ್ರ. ಕಬ್ಬಿಣ ಏಳೋ ತನಕ ಅವರಿಗೆ ಇಲ್ಲ. ನನ್ನ ಹತ್ರ ಇರೋದು ಅದೊಂದೇ."

ಜುಲೈ 31

ಟೆಂಪಲ್ಟನ್ ತನ್ನ ಡೇರೆಗೆ ಕರೆದು ಕೂರಿಸಿದ. ಕೂರಿಸಿದ್ದು ಇದೇ ಮೊದಲು. ನನ್ನ ಅಕ್ಷರ ಚೆಂದವಂತೆ. ಚಳಿಗಾಲದಲ್ಲಿ ರಾಜಧಾನಿಯ ಕಚೇರಿಯಲ್ಲಿ ನಕಾಶೆ ಬರೆಯುವ ಕಾಯಂ ಕೆಲಸ ಕೊಡಿಸುತ್ತಾನಂತೆ. ಒಲೆ ಇರುವ ಕೋಣೆ, ಒಳ್ಳೇ ನೀರು. ಸೂಜಿಯಿಂದ ಹಲ್ಲು ಕೆದಕುತ್ತಲೇ ಇದ್ದ.

ಒಂದೇ ಒಂದು ಸಣ್ಣ ಕೆಲಸ. ಅರ್ಜಿ ರಾಜಧಾನಿಗೆ ಹೋಗಿದೆ, ಮೇಲಿನವರು ನೋಡುತ್ತಿದ್ದಾರೆ, ಮನೆಗೆ ಹೋಗಿ ಕಾಯಲಿ ಅಂತ ಮುದುಕಿಗೆ ಹೇಳಬೇಕು. ಒಂಬತ್ತನೇ ತಾರೀಕು ಅವಳು ಅಲ್ಲಿರಬಾರದು.

ಅರ್ಜಿ ಹೋಗಿದೆಯಾ ಸರ್, ಅಂದೆ.

"ನೀನು ಹೇಳೋದನ್ನ ಹೇಳು. ನಿನ್ನ ಮಾತು ಆಕೆ ನಂಬ್ತಾಳೆ."

ಹೌದು, ನಂಬುತ್ತಾಳೆ. ಅದಕ್ಕೇ ನನ್ನನ್ನು ಕೂರಿಸಿದ್ದು.

ರಾಜಧಾನಿಯ ಕೆಲಸ ಬೇಡ ಅಂತ ನನಗೆ ಅನ್ನಿಸಲಿಲ್ಲ. ಅದನ್ನೂ ಬರೆದಿಡಬೇಕು. ಆ ಒಲೆಯ ಕೋಣೆ ಕಣ್ಣಿಗೆ ಕಟ್ಟಿತು. ಹಾಗೆ ಕಟ್ಟಿದ್ದಕ್ಕೇ ಮೈಯೆಲ್ಲ ಮುಸುರೆ ಮೆತ್ತಿದ ಹಾಗೆ ಇದೆ. ತೊಳೆದುಕೊಳ್ಳಲು ಈ ಸಾಬೂನು ನೀರು ಬಿಟ್ಟು ಬೇರೆ ಇಲ್ಲ.

ಆಗಸ್ಟ್ 7

ವಾರವೆಲ್ಲ ಮುಂದೂಡಿದೆ. ಇವತ್ತು ಹೋದೆ. ಕುದುರೆಯಿಂದ ಇಳಿಯದೆಯೇ ಹೇಳಿಬಿಡೋಣ ಅಂದುಕೊಂಡಿದ್ದೆ. ಇಳಿದೆ.

ಹೇಳಿದೆ: "ಅಜ್ಜಿ, ಅರ್ಜಿ ರಾಜಧಾನಿಗೆ ಹೋಗಿದೆ, ಮನೆಗೆ ಹೋಗಿ ಕಾಯಿ ಅಂತ ನಿಂಗೆ ಹೇಳು ಅಂತ ನಂಗೆ ಹೇಳಿದ್ದಾರೆ."

ಅಡೆಲ್ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಲಿಲ್ಲ. "ಅವರು ಹೇಳಿದ್ದು ಕೇಳಿಸ್ತು. ನೀನೇನು ಹೇಳ್ತೀಯ?"

ನಾರ್ಬರ್ ಕುದುರೆಗಳ ಕಡೆ ತಿರುಗಿ ನಿಂತ, ನನ್ನ ಮುಖ ನೋಡಬಾರದು ಅಂತ. ಅವನ ಆ ಮರ್ಯಾದೆಗೆ ನಾಚಿಕೆಯಾಯಿತು.

"ನಾಡಿದ್ದು ಸಹಿ. ಇಬ್ಬರೂ ಇಲ್ಲಿಗೇ ಬರ್ತಾರೆ. ಇಬ್ಬರೂ ಒಟ್ಟಿಗೆ ಕೇಳಿದ್ರೆ ಮಾತ್ರ ಲೆಕ್ಕ. ಇಲ್ಲೇ ಇರು ಅಜ್ಜಿ" ಅಂದೆ.

ಅವಳು ಸುಟ್ಟ ರೊಟ್ಟಿಯನ್ನು ನನ್ನ ಕೈಗೂ ಕೊಟ್ಟಳು. ಬಿಸಿ. ಈ ಬೇಸಿಗೆಯಲ್ಲಿ ಬಾಯಿಗೆ ಹಿಡಿಸಿದ್ದು ಇದೊಂದೇ.

ಆಗಸ್ಟ್ 9, ಸಂಜೆ

ಆಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಕಂಬದ ಬುಡದಲ್ಲಿ ಮಡಿಚುವ ಮೇಜು. ಎರಡು ಕುರ್ಚಿ. ಬಿಳಿ ಕಾಲರು ಹಾಕಿಕೊಂಡು ಬಂದಿದ್ದರು ಇಬ್ಬರೂ. ಗಾಡಿಯ ನೆರಳಲ್ಲಿ ಅಡೆಲ್, ನಾರ್ಬರ್. ಅವಳನ್ನು ಕಂಡು ಟೆಂಪಲ್ಟನ್ ನನ್ನ ಕಡೆ ನೋಡಿದ. ನಾನು ಕಾಗದ ನೋಡಿದೆ. ಅವನು ಕೆಳದನಿಯಲ್ಲಿ ಇಷ್ಟೇ ಅಂದ, ಅವಳಿಗೆ ಇಂಗ್ಲಿಷ್ ಬಾರದಲ್ಲ, ಓದು.

ಪಡುವಲ ಎರಡು ಕಂಬದ ವಿವರ ಓದಿದೆ. ಸರಿ, ಸರಿ. ಸಹಿ, ಸಹಿ. ಸ್ಟ್ರೌಡ್ ಆಕಳಿಸಿದ. ಮೂರನೆಯದು ಇದು.

"ಮೂಲ ದಿಬ್ಬ —"

ಅಲ್ಲಿಗೇ ನಿಂತೆ. ಬೇಕಂತ ನಿಲ್ಲಿಸಿದ್ದಲ್ಲ, ಕಣ್ಣು ಕಾಗದ ಬಿಟ್ಟು ಗಾಡಿಯ ಕಡೆ ಹೋಯಿತು. ನೊಣಗಳ ಸದ್ದು. ಆಗ ಅಡೆಲ್ ಕೂತಲ್ಲಿಂದಲೇ, ಜೋರಾಗಿಯಲ್ಲ, ಮನೆಯಲ್ಲಿ ಮಾತಾಡುವಂತೆ ಏನೋ ಅಂದಳು.

ಸ್ಟ್ರೌಡ್ ಕೇಳಿದ, ಏನಂತೆ ಆಕೆ? ಏನೂ ಇಲ್ಲ, ಓದು ಅಂದ ಟೆಂಪಲ್ಟನ್. ನಾನು ಕಾಗದ ಮೇಜಿನ ಮೇಲಿಟ್ಟೆ. ಇಬ್ಬರ ಮುಖವನ್ನೂ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದೆ:

"ಈ ಕಂಬ ನನ್ನ ಮಗಳು ಝೆಲಿ ಮೇಲೆ ನಿಂತಿದೆ. ನಿಮ್ಮ ದಿಬ್ಬ ಇದಲ್ಲ. ಅದು ಎಲ್ಲಿತ್ತು ಅಂತ ನನಗೆ ಗೊತ್ತು. ಇಬ್ಬರಿಗೂ ಹೇಳ್ತಾ ಇದೀನಿ. ಇಬ್ಬರೂ ಒಟ್ಟಿಗೆ ಕೇಳಿ, ಅಂತಾಳೆ."

ಟೆಂಪಲ್ಟನ್ ಮುಖ ಸುಣ್ಣದ ಹಾಗಾಯಿತು. ಸ್ಟ್ರೌಡ್ ಬಹಳ ಹೊತ್ತು ಕಂಬ ನೋಡಿದ, ಮುದುಕಿಯನ್ನು ನೋಡಿದ, ಅವಳ ಮಡಿಲಲ್ಲಿದ್ದ ಶಾಲಿನ ಗಂಟು ನೋಡಿದ. ಗಂಟು ಎಷ್ಟು ಚಿಕ್ಕದು ಅಂತ ಆಗ ಕಂಡಿತೋ ಏನೋ. ಪೆನ್ನಿನ ಮುಚ್ಚಳ ಹಾಕಿದ.

"ನಂಗೆ ಕೇಳಿಸ್ತು" ಅಂದ. "ನಿಮಗೆ?"

ಟೆಂಪಲ್ಟನ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಗಾಳಿಗೆ ಕಾಗದ ಹಾರಿತು, ಯಾರೂ ಹಿಡಿಯಲಿಲ್ಲ.

"ಕೇಳಿಸ್ತು."

ಅಷ್ಟೇ. ಕಂಬ ರದ್ದು. ದಿಬ್ಬ ಎಲ್ಲಿ ಅಂತ ಕೇಳಿದರು. ಮೊದಲು ಕಬ್ಬಿಣ ಏಳಲಿ, ಆಮೇಲೆ ಹೇಳುತ್ತೇನೆ ಅಂದಳು ಅಡೆಲ್. ಅದನ್ನೂ ಇಂಗ್ಲಿಷಿಗೆ ಹೇಳಿದೆ. ನಾನಾಗಿ ಒಂದಕ್ಷರ ಕೂಡಿಸಲಿಲ್ಲ.

ವಾಪಸು ಬರುವಾಗ ಟೆಂಪಲ್ಟನ್ ಕುದುರೆಯನ್ನು ನನ್ನ ಪಕ್ಕಕ್ಕೆ ತಂದ. ಈ ತಿಂಗಳ ಕೊನೆಗೆ ನೀನು ಹೊರಡು ಅಂದ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ವಲ್ಪ ದೂರ ಹೋದ ಮೇಲೆ ಕೇಳಿದ: "ಮೊದಲ ದಿನವೇ ನಿಂಗೆ ಅನುಮಾನ ಬಂದಿತ್ತಲ್ವಾ?"

ಬಂದಿತ್ತು ಸರ್, ಅಂದೆ. ಪೀಚ್ ತಿಂದು ಸುಮ್ಮನಾದೆ, ಅಂದೆ.

ನಾನೂ, ಅಂದ ಅವನು.

ಆಗಸ್ಟ್ 12, ಮಧ್ಯಾಹ್ನ

ಕಂಬದ ಹತ್ತಿರವೇ ಕೂತು ಬರೆಯುತ್ತಿದ್ದೇನೆ.

ನಿನ್ನೆಯಿಡೀ ಸುತ್ತ ಅಗೆದದ್ದಾಯಿತು. ಆಳುಗಳ ಗುದ್ದಲಿ ನಾರ್ಬರ್ ಮುಟ್ಟಗೊಡಲಿಲ್ಲ. ಕೆಳಕೆಳಗೆ ಹೋದ ಹಾಗೆ ತಾನೇ ಕೈಯಲ್ಲಿ ಬಿಡಿಸಿದ. ಉಚ್ಚೆ ಹೊಯ್ದಿದ್ದ ಆಳುಗಳಿಬ್ಬರೂ ಇದ್ದರು. ತಲೆ ಎತ್ತಲಿಲ್ಲ. ಇವತ್ತು ಬೆಳಿಗ್ಗೆ ಮೂರು ದಿಮ್ಮಿ ಕಟ್ಟಿ, ಸರಪಳಿ ಹಾಕಿ, ಹೇಸರಗತ್ತೆ ಹೂಡಿ ಎಳೆಸಿದರು. ಕಾಂಕ್ರೀಟು ಹಲ್ಲು ಕೀಳುವ ಹಾಗೆ ಒಂದೇ ಸಲಕ್ಕೆ ಬಂತು.

ಅದರ ಪಕ್ಕೆಯ ತುಂಬ ಕಾಡೆಮ್ಮೆಯ ಕೂದಲು ಅಂಟಿತ್ತು. ಕಂದು, ಗುಂಗುರು. ಅಡೆಲ್ ಬಂದು ಕೂತು ಒಂದೊಂದೇ ಎಳೆ ಬಿಡಿಸಿದಳು. ಬಿಡಿಸಲಾಗದ್ದನ್ನು ಟೋರ್ವಾಲ್ಡ್ ಅಡುಗೆಯ ಚಾಕುವಿನಿಂದ ಕೆರೆದು ಕೊಟ್ಟ. ಯಾರೂ ಅವಸರಪಡಿಸಲಿಲ್ಲ. ಶಾಲಿನ ಗಂಟು ಗುಂಡಿಗೆ ಇಳಿಸಿದರು. ನಾರ್ಬರ್ ಕೈಯಿಂದ ಮಣ್ಣೆಳೆದ. ಅವಳು ಹೇಳಿದ ಪ್ರಾರ್ಥನೆ ನನಗೂ ಬರುತ್ತದೆ. ಜೊತೆಗೆ ಹೇಳಿದೆ. ಡೇರೆಯವರು ಕೇಳಿಸಿಕೊಳ್ಳಲಿ.

ಟೆಂಪಲ್ಟನ್, ಸ್ಟ್ರೌಡ್ ಇಬ್ಬರೂ ಬಿಸಿಲಲ್ಲಿ ನಿಂತಿದ್ದಾರೆ. ದುರ್ಬೀನು ಮೂರು ಕಾಲಿನ ಮೇಲೆ ಸಿದ್ಧವಾಗಿದೆ. ಈಗ ತೋರಿಸುತ್ತಾಳಾ ಅಂತ ಒಂದು ಸಲ ಕೇಳಿಸಿದರು. ಹುಲ್ಲು ಹೊದಿಸಿ ಮುಗಿಯಲಿ ಅಂದಳು. ಮುದುಕಿ ಹುಲ್ಲು ಹೊದಿಸುವುದನ್ನೇ ನೋಡುತ್ತ ಎರಡು ದೇಶಗಳು ಕಾಯುತ್ತ ನಿಂತಿವೆ. ಗಡಿ ಸದ್ಯಕ್ಕೆ ಎಲ್ಲೂ ಇಲ್ಲ.

ಹೆಂಟೆ ಸಾಲುತ್ತಿಲ್ಲ. ಹಳ್ಳದ ದಂಡೆಯಿಂದ ಕತ್ತರಿಸಿ ತರಬೇಕು. ನಾರ್ಬರ್ ಒಬ್ಬನೇ ಹೊರುತ್ತಿದ್ದಾನೆ. ಸ್ಟ್ರೌಡ್ ಕೋಟು ಬಿಚ್ಚುತ್ತಿದ್ದಾನೆ. ಅಡೆಲ್ ನನ್ನ ಕಡೆ ಕೈ ಮಾಡಿ ಕರೆಯುತ್ತಿದ್ದಾಳೆ — ಬೇರು ಕೆಳಗೆ ಮಾಡಿ ಹಿಡಿ, ಒಣಗಿಸಬೇಡ, ಬೇಗ ಬಾ —